ಮೈ ಮುಟ್ಟಿ ತಪಾಸಣೆ ಮಾಡಬೇಕಾದವರು ಯಾರು? ಪೊಲೀಸ್ ನಿಯಮ ಮತ್ತು ಟ್ರಾನ್ಸ್‌ಜೆಂಡರ್ ಪ್ರಶ್ನೆ

ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ

 

ಹೋದ ತಿಂಗಳು ಒಂದು ಮಾಲ್‌ಗೆ ಹೋಗಿದ್ದೆ. ಬಾಗಿಲಲ್ಲಿ ಎರಡು ಸಾಲು. ಗಂಡಸರದ್ದು ಓಪನ್, ಹೆಂಗಸರದ್ದು ಪರದೆ ಹಿಂದೆ. ನನ್ನ ಮುಂದೆ ಸೀರೆ ಉಟ್ಕೊಂಡ ಒಬ್ಬ ಟ್ರಾನ್ಸ್ ಮಹಿಳೆ ನಿಂತಿದ್ರು. ಅವರ ಸರದಿ ಬಂದಾಗ ಪರದೆ ಹಿಂದೆ ಇದ್ದ ಸೆಕ್ಯುರಿಟಿ ಹುಡುಗಿ ಒಂದು ಕ್ಷಣ ತಡವರಿಸಿ, "ಅಕ್ಕಾ, ನೀವು ಆ ಕಡೆ ಹೋಗಿ" ಅಂದ್ಲು. ಆ ಕಡೆ ಅಂದ್ರೆ ಗಂಡಸರ ಸಾಲು. ಅಲ್ಲಿದ್ದ ಸೆಕ್ಯುರಿಟಿಯವನು ಇವರನ್ನ ನೋಡಿ, "ಅಯ್ಯೋ, ನಾನ್ಯಾಕೆ, ಅಲ್ಲೇ ಹೋಗಿ" ಅಂದ. ಅವರು ಎರಡು ಸಾಲಿನ ಮಧ್ಯೆ ಸ್ವಲ್ಪ ಹೊತ್ತು ನಿಂತ್ರು. ಆಮೇಲೆ ಬ್ಯಾಗ್ ಹೆಗಲಿಗೆ ಹಾಕ್ಕೊಂಡು ವಾಪಸ್ ಹೊರಟೇ ಹೋದ್ರು.

ಮಾಲ್ ಆದ್ರೆ ವಾಪಸ್ ಹೋಗಬಹುದು. ಪೊಲೀಸ್ ಸ್ಟೇಷನ್ ಆಗಿದ್ರೆ? ಅಲ್ಲಿಂದ ಎದ್ದು ಹೋಗೋಕೆ ಆಗಲ್ಲ. ಹಾಗಾದ್ರೆ ಅಲ್ಲಿ ಮೈ ಮುಟ್ಟಿ ತಪಾಸಣೆ ಮಾಡೋದು ಯಾರು? ಅದನ್ನ ನಿರ್ಧಾರ ಮಾಡೋದು ಯಾರು? ಇವತ್ತಿನ ಸಂಚಿಕೆ ಇದರ ಬಗ್ಗೆ.

ಮೊದಲೇ ಹೇಳಿಬಿಡ್ತೀನಿ, ನಾನು ಓದಿರೋದು ಬಿಕಾಂ, ಕಾನೂನು ಅಲ್ಲ. ಆದ್ರೆ ಆಡಿಟಿಂಗ್ ಪೇಪರ್‌ನಲ್ಲಿ ಒಂದು ವಿಷಯ ಚೆನ್ನಾಗಿ ತಲೆಗೆ ಹೋಗಿತ್ತು. ನಿಯಮ ಕಾಗದದ ಮೇಲೆ ಇದ್ರೆ ಸಾಲದು, ಅದನ್ನ ಪಾಲಿಸಿದ್ದಕ್ಕೆ ದಾಖಲೆ ಇರಬೇಕು. ಈ ಕಥೆಯ ಕೊನೆಗೆ ಅದು ಉಪಯೋಗಕ್ಕೆ ಬರುತ್ತೆ.

ಎರಡು ಪ್ರಶ್ನೆ, ಒಂದಲ್ಲ

ಈ ಚರ್ಚೆ ಬಂದಾಗಲೆಲ್ಲ ಎರಡು ಬೇರೆ ಬೇರೆ ಪ್ರಶ್ನೆಗಳನ್ನ ಜನ ಒಂದೇ ಚೀಲಕ್ಕೆ ಹಾಕಿಬಿಡ್ತಾರೆ.

ಒಂದು: ಪೊಲೀಸರ ವಶದಲ್ಲಿ ಇರೋ ವ್ಯಕ್ತಿ ಟ್ರಾನ್ಸ್‌ಜೆಂಡರ್ ಆಗಿದ್ರೆ, ಅವರನ್ನ ಯಾರು ತಪಾಸಣೆ ಮಾಡಬೇಕು?

ಎರಡು: ತಪಾಸಣೆ ಮಾಡೋ ಅಧಿಕಾರಿಯೇ ಟ್ರಾನ್ಸ್‌ಜೆಂಡರ್ ಆಗಿದ್ರೆ, ಅವರು ಯಾರನ್ನ ತಪಾಸಣೆ ಮಾಡಬಹುದು?

ಇನ್ನೊಂದು ಮಾತು. ತಪಾಸಣೆಯಲ್ಲೂ ಬೇರೆ ಬೇರೆ ಹಂತ ಇದೆ. ಜೇಬು ನೋಡೋದು, ಜಾಕೆಟ್ ತೆಗೆಸೋದು ಒಂದು. ಬಟ್ಟೆ ಬಿಚ್ಚಿಸಿ ನೋಡೋದು ಸಂಪೂರ್ಣ ಬೇರೆ. ಈ ಜಗಳ ಜೋರಾಗಿ ನಡೆದಿರೋದು ಎರಡನೇ ಹಂತದ ಬಗ್ಗೆ. ನಡೆದಿರೋ ದೇಶ ಬ್ರಿಟನ್. ಹಾಗಾಗಿ ಮೊದಲು ಅಲ್ಲಿಗೆ ಹೋಗಿ, ಆಮೇಲೆ ನಮ್ಮೂರಿಗೆ ಬರೋಣ.

ಬ್ರಿಟನ್‌ನಲ್ಲಿ ಆಗಿದ್ದೇನು?

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಪೊಲೀಸರ ಅಧಿಕಾರ ಎಷ್ಟು ಅಂತ ಹೇಳೋ ಮುಖ್ಯ ಕಾನೂನು 1984ರದ್ದು. ಪೊಲೀಸ್ ಮತ್ತು ಕ್ರಿಮಿನಲ್ ಸಾಕ್ಷ್ಯ ಕಾಯ್ದೆ, ಚಿಕ್ಕದಾಗಿ 'ಪೇಸ್' ಅಂತಾರೆ. ಕಸ್ಟಡಿಯಲ್ಲಿ ತಪಾಸಣೆ ಮಾಡೋ ಅಧಿಕಾರಿ, ತಪಾಸಣೆಗೆ ಒಳಗಾಗೋ ವ್ಯಕ್ತಿಯ ಲಿಂಗದವರೇ ಆಗಿರಬೇಕು ಅಂತ ಅದರ 54ನೇ ಸೆಕ್ಷನ್ ಹೇಳುತ್ತೆ.

ಇದರ ಜೊತೆ ಬರೋ ಕೋಡ್‌ಗಳಲ್ಲಿ ಇನ್ನೂ ವಿವರ ಇದೆ. ಬಟ್ಟೆ ಬಿಚ್ಚಿಸೋ ತಪಾಸಣೆ ಬೇರೆ ಯಾರಿಗೂ ಕಾಣದ ಜಾಗದಲ್ಲಿ ನಡೀಬೇಕು. ಸಾಮಾನ್ಯವಾಗಿ ಎಲ್ಲಾ ಬಟ್ಟೆ ಒಟ್ಟಿಗೇ ತೆಗೆಸಬಾರದು. ಸೊಂಟದ ಮೇಲಿನ ಬಟ್ಟೆ ತೆಗೆದು, ಮತ್ತೆ ಹಾಕ್ಕೊಂಡ ಮೇಲೆ ಕೆಳಗಿನದ್ದು. ಯಾಕೆ ಮಾಡಿದ್ರು, ಯಾರ್ಯಾರು ಇದ್ರು, ಏನು ಸಿಕ್ತು ಅನ್ನೋದನ್ನ ಬರೆದಿಡಬೇಕು. ವ್ಯಕ್ತಿಯ ಲಿಂಗದ ಬಗ್ಗೆ ಅನುಮಾನ ಇದ್ದಾಗ ಏನು ಮಾಡಬೇಕು ಅನ್ನೋದಕ್ಕೂ ಒಂದು ಅನುಬಂಧ ಇದೆ. ಮೊದಲ ಪ್ರಶ್ನೆಗೆ ಅಲ್ಲಿ ಇಷ್ಟಾದರೂ ಉತ್ತರ ಬರವಣಿಗೆಯಲ್ಲಿ ಇತ್ತು.

ಎರಡನೇ ಪ್ರಶ್ನೆ, ಅಂದ್ರೆ ಟ್ರಾನ್ಸ್ ಅಧಿಕಾರಿಗಳ ಪ್ರಶ್ನೆ, 2021ರಲ್ಲಿ ಎದುರಿಗೆ ಬಂತು. ಪೊಲೀಸ್ ಮುಖ್ಯಸ್ಥರ ರಾಷ್ಟ್ರೀಯ ಮಂಡಳಿ ಒಂದು ಮಾರ್ಗಸೂಚಿ ಕೊಟ್ಟಿತು. ಟ್ರಾನ್ಸ್ ಅಧಿಕಾರಿ ಯಾವ ಲಿಂಗದವರಾಗಿ ಬದುಕ್ತಾ ಇದ್ದಾರೋ ಆ ಲಿಂಗದವರನ್ನ ತಪಾಸಣೆ ಮಾಡಬಹುದು ಅಂತ. ಎದುರಿನ ವ್ಯಕ್ತಿ ಬೇಡ ಅಂದ್ರೆ ಬೇರೆ ಅಧಿಕಾರಿಯನ್ನ ಕಳಿಸೋದು ಒಳ್ಳೆಯದು ಅಂತಲೂ ಇತ್ತು. ಆದ್ರೆ ಆ 'ಬೇಡ' ಅನ್ನೋದು ತಾರತಮ್ಯದ ಮನೋಭಾವದಿಂದ ಬಂದಿದ್ರೆ, ಅದನ್ನ ದ್ವೇಷದ ಘಟನೆ ಅಂತ ದಾಖಲು ಮಾಡೋ ಬಗ್ಗೆ ಯೋಚಿಸಿ ಅಂತನೂ ಸೇರಿಸಿದ್ರು. ಇದಕ್ಕೆ ಮಹಿಳಾ ಸಂಘಟನೆಗಳು, ನಿವೃತ್ತ ಮಹಿಳಾ ಪೊಲೀಸ್ ಅಧಿಕಾರಿಗಳು ಜೋರಾಗಿ ವಿರೋಧ ಮಾಡಿದ್ರು. ಕೊನೆಗೆ ಆ ಮಾರ್ಗಸೂಚಿಯನ್ನ ಹಿಂದಕ್ಕೆ ತಗೊಂಡ್ರು.

2024ರಲ್ಲಿ ರೈಲ್ವೆ ಜಾಲವನ್ನ ನೋಡ್ಕೊಳ್ಳೋ ಬ್ರಿಟಿಷ್ ಟ್ರಾನ್ಸ್‌ಪೋರ್ಟ್ ಪೊಲೀಸ್ ಇನ್ನೊಂದು ನೀತಿ ತಂತು. ಲಿಂಗ ಮಾನ್ಯತಾ ಪ್ರಮಾಣಪತ್ರ ಇರೋ ಟ್ರಾನ್ಸ್ ಅಧಿಕಾರಿಗಳು ಆ ಪ್ರಮಾಣಪತ್ರದ ಪ್ರಕಾರ ತಪಾಸಣೆ ಮಾಡಬಹುದು ಅಂತ. ಆ ಪ್ರಮಾಣಪತ್ರ ಅಲ್ಲಿ 2004ರ ಕಾಯ್ದೆಯಡಿ ಸಿಗುತ್ತೆ. ಇದನ್ನೂ ಕೋರ್ಟ್‌ನಲ್ಲಿ ಪ್ರಶ್ನೆ ಮಾಡಿದ್ರು.

ಅಷ್ಟರಲ್ಲಿ 2025ರ ಏಪ್ರಿಲ್ 16 ಬಂತು. ಸ್ಕಾಟ್ಲೆಂಡ್‌ನ ಒಂದು ಪ್ರಕರಣದಲ್ಲಿ ಬ್ರಿಟನ್ ಸುಪ್ರೀಂ ಕೋರ್ಟ್‌ನ ಐವರು ನ್ಯಾಯಮೂರ್ತಿಗಳು ಒಮ್ಮತದ ತೀರ್ಪು ಕೊಟ್ರು. 2010ರ ಸಮಾನತಾ ಕಾಯ್ದೆಯಲ್ಲಿ 'ಮಹಿಳೆ' ಮತ್ತು 'ಲಿಂಗ' ಅನ್ನೋ ಪದಗಳಿಗೆ ಜೈವಿಕ ಲಿಂಗ ಅಂತಲೇ ಅರ್ಥ ಅಂದ್ರು. ಅದೇ ತೀರ್ಪಲ್ಲಿ, ಟ್ರಾನ್ಸ್‌ಜೆಂಡರ್ ಜನರಿಗೆ ತಾರತಮ್ಯದ ವಿರುದ್ಧ ಇರೋ ರಕ್ಷಣೆ ಹಾಗೇ ಇರುತ್ತೆ ಅಂತಲೂ ಹೇಳಿದ್ರು.

ಒಂದು ಸೂಕ್ಷ್ಮ ಗಮನಿಸಿ. ಈ ತೀರ್ಪು ಸಮಾನತಾ ಕಾಯ್ದೆಯ ಬಗ್ಗೆ. ಪೊಲೀಸ್ ತಪಾಸಣೆ ಆ ಕೇಸಿನ ವಿಷಯವೇ ಆಗಿರಲಿಲ್ಲ. ಆದ್ರೂ ಮರುದಿನವೇ ಟ್ರಾನ್ಸ್‌ಪೋರ್ಟ್ ಪೊಲೀಸರು ತಮ್ಮ ನೀತಿ ಬದಲಾಯಿಸಿದ್ರು. ಇನ್ಮೇಲೆ ಕಸ್ಟಡಿಯಲ್ಲಿ ಇರೋ ವ್ಯಕ್ತಿಯ ಹುಟ್ಟಿನ ಲಿಂಗದ ಆಧಾರದ ಮೇಲೆ ತಪಾಸಣೆ ಅಂತ. ಅದೇ ವರ್ಷ ಪೊಲೀಸ್ ಮುಖ್ಯಸ್ಥರ ಮಂಡಳಿಯೂ ಇದೇ ದಿಕ್ಕಿನಲ್ಲಿ ತಾತ್ಕಾಲಿಕ ಮಾರ್ಗಸೂಚಿ ಕೊಟ್ಟಿತು. ಬದುಕ್ತಾ ಇರೋ ಲಿಂಗದ ಪ್ರಕಾರ ತಪಾಸಣೆ ಆಗಬೇಕು ಅಂದ್ರೆ, ತಪಾಸಣೆಗೆ ಒಳಗಾಗುವವರು, ತಪಾಸಣೆ ಮಾಡುವವರು, ಅದಕ್ಕೆ ಅನುಮತಿ ಕೊಡುವ ಅಧಿಕಾರಿ, ಮೂವರ ಲಿಖಿತ ಒಪ್ಪಿಗೆಯೂ ಬೇಕು ಅಂತ.

ಎರಡೂ ಕಡೆಯ ಭಯ ನಿಜ

ಇಲ್ಲಿ ಒಂದು ಕಡೆಯವರನ್ನ ಹೀರೋ, ಇನ್ನೊಂದು ಕಡೆಯವರನ್ನ ವಿಲನ್ ಮಾಡೋದು ಸುಲಭ. ರೀಲ್ಸ್‌ನಲ್ಲಿ ಆಗೋದು ಅದೇ.

ಒಬ್ಬ ಹೆಣ್ಣುಮಗಳ ಜಾಗದಲ್ಲಿ ನಿಂತು ನೋಡಿ. ಅವಳ ಮೇಲೆ ಹಿಂದೆ ಲೈಂಗಿಕ ದೌರ್ಜನ್ಯ ಆಗಿರಬಹುದು. ಈಗ ಒಂದು ಕೋಣೆಯಲ್ಲಿ ಬಟ್ಟೆ ಬಿಚ್ಚಬೇಕು. ಎದುರಿಗೆ ಇರೋರು ಮಹಿಳೆಯೇ ಆಗಿರಬೇಕು ಅಂತ ಅವಳು ಕೇಳಿದ್ರೆ, ಅದಕ್ಕೆ ಅವಳನ್ನೇ ತಪ್ಪಿತಸ್ಥೆ ಅನ್ನೋಕಾಗಲ್ಲ. ಯಾಕೆ ಅಂತ ವಿವರಣೆ ಕೊಡಬೇಕಾದ ಹೊರೆಯೂ ಅವಳ ಮೇಲೆ ಬೀಳಬಾರದು. ಪರದೆ ಹಿಂದೆ ಹೋಗಿ ಕೈ ಎತ್ತಿ ನಿಂತು ಅಭ್ಯಾಸ ಇರೋ ನಮಗೆಲ್ಲ ಇದು ಚೆನ್ನಾಗಿ ಅರ್ಥ ಆಗುತ್ತೆ.

ಈಗ ಒಬ್ಬ ಟ್ರಾನ್ಸ್ ಮಹಿಳೆಯ ಜಾಗದಲ್ಲಿ ನಿಲ್ಲಿ. ಇಪ್ಪತ್ತು ವರ್ಷದಿಂದ ಹೆಣ್ಣಾಗಿ ಬದುಕಿದ್ದಾರೆ, ದೇಹವೂ ಬದಲಾಗಿದೆ. ಹುಟ್ಟಿನ ಲಿಂಗದ ನಿಯಮ ಬಂದ್ರೆ ಅವರನ್ನ ಬಟ್ಟೆ ಬಿಚ್ಚಿಸಿ ನೋಡೋದು ಗಂಡು ಪೊಲೀಸ್. ಅವರಿಗೆ ಆಗೋ ಭಯಕ್ಕೂ ಮೊದಲ ಹೆಣ್ಣುಮಗಳ ಭಯಕ್ಕೂ ಏನು ವ್ಯತ್ಯಾಸ ಇದೆ? ಅದೇ ನಿಯಮದ ಪ್ರಕಾರ ಗಡ್ಡ ಮೀಸೆ ಇರೋ ಟ್ರಾನ್ಸ್ ಪುರುಷನನ್ನ ತಪಾಸಣೆ ಮಾಡಬೇಕಾದವರು ಮಹಿಳಾ ಪೊಲೀಸ್.

ಮೂರನೆಯವರೂ ಒಬ್ಬರು ಇದ್ದಾರೆ. ಡ್ಯೂಟಿಯಲ್ಲಿ ಇರೋ ಮಹಿಳಾ ಕಾನ್‌ಸ್ಟೆಬಲ್. ಯಾರ ಬೆತ್ತಲೆ ದೇಹವನ್ನ ಮುಟ್ಟಬೇಕು ಅನ್ನೋದರಲ್ಲಿ ಅವರಿಗೂ ಒಂದು ಮಾತು ಬೇಡ್ವಾ? ಹಾಗೇ, ಶ್ರಮಪಟ್ಟು ಕೆಲಸಕ್ಕೆ ಸೇರಿದ ಟ್ರಾನ್ಸ್ ಅಧಿಕಾರಿಗೆ "ನಿನ್ನನ್ನ ಈ ಕೆಲಸಕ್ಕೆ ನಂಬಲ್ಲ" ಅಂತ ದಿನಾ ಅನ್ನಿಸೋದೂ ನೋವಿನ ವಿಷಯವೇ.

ಒಂದೇ ಲಿಂಗ ಆದ್ರೆ ಸಾಕಾ?

ಈ ಜಗಳದಲ್ಲಿ ಎಲ್ಲರೂ ಮರೆಯೋ ಒಂದು ಪ್ರಕರಣ ಇದೆ. 2020ರ ಡಿಸೆಂಬರ್‌ನಲ್ಲಿ ಲಂಡನ್‌ನ ಹ್ಯಾಕ್ನಿಯಲ್ಲಿ, ಶಾಲೆಯೊಳಗೇ, 15 ವರ್ಷದ ಕಪ್ಪು ಜನಾಂಗದ ಹುಡುಗಿಯೊಬ್ಬಳನ್ನ ಬಟ್ಟೆ ಬಿಚ್ಚಿಸಿ ತಪಾಸಣೆ ಮಾಡಿದ್ರು. ಗಾಂಜಾ ಇದೆ ಅನ್ನೋ ಅನುಮಾನ. ಏನೂ ಸಿಗಲಿಲ್ಲ. ಆ ಹುಡುಗಿ ಅವತ್ತು ಮುಟ್ಟಾಗಿದ್ದಳು. ಅಮ್ಮನಿಗೆ ತಿಳಿಸಿರಲಿಲ್ಲ, ಜೊತೆಗೆ ಅವಳ ಪರ ದೊಡ್ಡವರು ಯಾರೂ ಇರಲಿಲ್ಲ. ಹೆಸರು ಹೊರಗೆ ಬಾರದಂತೆ ಅವಳನ್ನ 'ಚೈಲ್ಡ್ ಕ್ಯೂ' ಅಂತ ಕರೀತಾರೆ. 2022ರಲ್ಲಿ ತನಿಖಾ ವರದಿ ಹೊರಬಂದಾಗ ಇಡೀ ದೇಶ ಬೆಚ್ಚಿಬಿತ್ತು. 2025ರಲ್ಲಿ ಇಬ್ಬರು ಪೊಲೀಸರನ್ನ ಕೆಲಸದಿಂದ ತೆಗೆದ್ರು.

ಆ ತಪಾಸಣೆ ಮಾಡಿದವರು ಯಾರು ಗೊತ್ತಾ? ಮಹಿಳಾ ಪೊಲೀಸರು. ಅಂದ್ರೆ ಒಂದೇ ಲಿಂಗದ ನಿಯಮ ಅಕ್ಷರಶಃ ಪಾಲನೆ ಆಗಿತ್ತು. ಮರ್ಯಾದೆ ಮಾತ್ರ ಉಳಿಯಲಿಲ್ಲ. ಈ ತಪಾಸಣೆ ನಿಜಕ್ಕೂ ಬೇಕಾ, ಯಾರು ಅನುಮತಿ ಕೊಟ್ರು, ಜೊತೆಗೆ ಯಾರಿದ್ರು ಅನ್ನೋ ಪ್ರಶ್ನೆಗಳನ್ನ ಕೇಳದೆ, ಲಿಂಗ ಒಂದನ್ನೇ ನೋಡಿದ್ರೆ ಹೀಗಾಗುತ್ತೆ.

ನಮ್ಮ ಕಾನೂನು ಏನು ಹೇಳುತ್ತೆ?

ಈಗ ಇಲ್ಲಿಗೆ ಬರೋಣ. 2024ರ ಜುಲೈ 1ರಿಂದ ನಮ್ಮಲ್ಲಿ ಹಳೆಯ ಸಿಆರ್‌ಪಿಸಿ ಹೋಗಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಯಲ್ಲಿದೆ. ಬಂಧಿತ ವ್ಯಕ್ತಿಯ ತಪಾಸಣೆ ಬಗ್ಗೆ ಹೇಳೋದು ಅದರ 49ನೇ ಸೆಕ್ಷನ್. ಹೆಣ್ಣನ್ನ ತಪಾಸಣೆ ಮಾಡಬೇಕಾದಾಗ ಇನ್ನೊಬ್ಬ ಹೆಣ್ಣೇ, ಸಭ್ಯತೆಗೆ ಕಟ್ಟುನಿಟ್ಟಾಗಿ ಗಮನ ಕೊಟ್ಟು ಮಾಡಬೇಕು. ಹಳೆ ಕಾನೂನಿನ 51ನೇ ಸೆಕ್ಷನ್‌ನಲ್ಲಿ ಇದ್ದ ವಾಕ್ಯವೇ ಇಲ್ಲಿಗೂ ಬಂದಿದೆ. ಮಾದಕ ವಸ್ತು ತಡೆ ಕಾಯ್ದೆ, ಅಂದ್ರೆ ಎನ್‌ಡಿಪಿಎಸ್‌ನ 50ನೇ ಸೆಕ್ಷನ್ ಕೂಡ ಹೆಣ್ಣನ್ನ ಹೆಣ್ಣೇ ತಪಾಸಣೆ ಮಾಡಬೇಕು ಅನ್ನುತ್ತೆ.

ನಿಯಮ ಅಷ್ಟೇ. ಟ್ರಾನ್ಸ್‌ಜೆಂಡರ್ ಅನ್ನೋ ಪದವೇ ಇಲ್ಲ.

ತಮಾಷೆ ಅಂದ್ರೆ, ಅದೇ ದಿನ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ ಲಿಂಗದ ವ್ಯಾಖ್ಯಾನದಲ್ಲಿ ಟ್ರಾನ್ಸ್‌ಜೆಂಡರ್ ಅನ್ನೋದನ್ನ ಸೇರಿಸಿದೆ. ಅಂದ್ರೆ ಶಿಕ್ಷೆ ಕೊಡೋ ಪುಸ್ತಕಕ್ಕೆ ಇವರು ಇದ್ದಾರೆ ಅಂತ ಗೊತ್ತು. ಪಕ್ಕದ ಪುಸ್ತಕದಲ್ಲಿ ಇವರ ಮೈ ಮುಟ್ಟೋದು ಯಾರು ಅನ್ನೋ ಸಾಲು ಖಾಲಿ.

2014ರ ಏಪ್ರಿಲ್ 15ರಂದು ನಮ್ಮ ಸುಪ್ರೀಂ ಕೋರ್ಟ್ ನಾಲ್ಸಾ ತೀರ್ಪಿನಲ್ಲಿ ತನ್ನ ಲಿಂಗವನ್ನ ತಾನೇ ಗುರುತಿಸಿಕೊಳ್ಳೋ ಹಕ್ಕನ್ನ ಒಪ್ಪಿಕೊಂಡಿತ್ತು. ಅದಕ್ಕಾಗಿ ಶಸ್ತ್ರಚಿಕಿತ್ಸೆ ಆಗಲೇಬೇಕು ಅಂತ ಒತ್ತಾಯ ಮಾಡೋದು ಕಾನೂನುಬಾಹಿರ ಅಂದಿತ್ತು. 2019ರ ಟ್ರಾನ್ಸ್‌ಜೆಂಡರ್ ಕಾಯ್ದೆ ಬಂದಾಗ, ಜಿಲ್ಲಾಧಿಕಾರಿಗಳಿಂದ 'ಟ್ರಾನ್ಸ್‌ಜೆಂಡರ್' ಅಂತ ಪ್ರಮಾಣಪತ್ರ, ಶಸ್ತ್ರಚಿಕಿತ್ಸೆ ಆದ ಮೇಲೆ 'ಗಂಡು' ಅಥವಾ 'ಹೆಣ್ಣು' ಅಂತ ಬದಲಾದ ಪ್ರಮಾಣಪತ್ರ ಅನ್ನೋ ವ್ಯವಸ್ಥೆ ಮಾಡಿದ್ರು. ಹಾಗಾದ್ರೆ ಯೋಚಿಸಿ. 'ಹೆಣ್ಣು' ಅಂತ ಪ್ರಮಾಣಪತ್ರ ಇರೋರು, "ನನ್ನನ್ನ ಮಹಿಳಾ ಪೊಲೀಸರೇ ತಪಾಸಣೆ ಮಾಡಲಿ" ಅಂತ ವಾದ ಮಾಡಬಹುದು. 'ಟ್ರಾನ್ಸ್‌ಜೆಂಡರ್' ಅಂತ ಪ್ರಮಾಣಪತ್ರ ಇರೋರಿಗೆ ಸೆಕ್ಷನ್ 49ರಲ್ಲಿ ಏನೂ ಬರೆದಿಲ್ಲ. ಯಾವ ಕಾಗದವೂ ಇಲ್ಲದೆ ರಾತ್ರಿ ಹನ್ನೊಂದು ಗಂಟೆಗೆ ಸ್ಟೇಷನ್‌ಗೆ ಬಂದವರ ಗತಿ, ಅವತ್ತು ಡ್ಯೂಟಿಯಲ್ಲಿ ಇರೋರ ಮನಸ್ಸು ಹೇಗಿದೆ ಅನ್ನೋದರ ಮೇಲೆ ನಿಂತಿದೆ.

ಬರವಣಿಗೆಯಲ್ಲಿ ಇರೋ ಒಂದು ಒಳ್ಳೆ ಉತ್ತರ ಜೈಲುಗಳಿಗೆ ಸಂಬಂಧಿಸಿದ್ದು. 2022ರ ಜನವರಿಯಲ್ಲಿ ಕೇಂದ್ರ ಗೃಹ ಸಚಿವಾಲಯ ಎಲ್ಲಾ ರಾಜ್ಯಗಳಿಗೆ ಒಂದು ಸಲಹಾ ಪತ್ರ ಕಳಿಸಿತು. ಟ್ರಾನ್ಸ್‌ಜೆಂಡರ್ ಕೈದಿಯ ತಪಾಸಣೆಯನ್ನ ಅವರು ಬಯಸೋ ಲಿಂಗದ ಸಿಬ್ಬಂದಿ, ಇಲ್ಲಾಂದ್ರೆ ತರಬೇತಿ ಪಡೆದ ವೈದ್ಯಕೀಯ ಸಿಬ್ಬಂದಿ ಮಾಡಬೇಕು. ಸುರಕ್ಷತೆ, ಖಾಸಗಿತನ, ಘನತೆ ಕಾಪಾಡಬೇಕು. ಇದು ಕೇಳೋಕೆ ಚೆನ್ನಾಗಿದೆ. ಆದ್ರೆ ಇದು ಸಲಹೆ, ಕಾನೂನಲ್ಲ. ಜೈಲಿಗೆ ಅನ್ವಯ ಆಗೋದು, ಸ್ಟೇಷನ್‌ಗೆ ಅಲ್ಲ. ಒಬ್ಬ ವ್ಯಕ್ತಿ ಜೈಲು ತಲುಪೋಕೆ ಮುಂಚೆ ಸ್ಟೇಷನ್ ದಾಟಿಯೇ ಹೋಗಬೇಕಲ್ವಾ?

ಕರ್ನಾಟಕಕ್ಕೆ ಈ ಪ್ರಶ್ನೆ ಯಾಕೆ ಹತ್ತಿರ?

ಎರಡು ಕಾರಣ. ಮೊದಲನೆಯದು ಹಳೆಯ ಗಾಯ. 2003ರಲ್ಲಿ ಪಿಯುಸಿಎಲ್‌ನ ಕರ್ನಾಟಕ ಘಟಕ ಬೆಂಗಳೂರಿನ ಹಿಜ್ರಾ ಮತ್ತು ಕೋಥಿ ಸಮುದಾಯದ ಮೇಲೆ ನಡೀತಾ ಇದ್ದ ದೌರ್ಜನ್ಯದ ಬಗ್ಗೆ ವರದಿ ತಂದಿತ್ತು. ಸ್ಟೇಷನ್‌ಗಳ ಒಳಗೆ ಆಗ್ತಿದ್ದ ಹಿಂಸೆ, ಅವಮಾನ ಅದರಲ್ಲಿ ದಾಖಲಾಗಿದೆ. 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಅನ್ನೋ ಸೆಕ್ಷನ್ ಸೇರಿಸಿದ್ರು. ಬ್ರಿಟಿಷರ ಕಾಲದ 'ನಪುಂಸಕ' ಅನ್ನೋ ಅರ್ಥದ ಪದವನ್ನೇ ಬಳಸಿ, ಈ ಸಮುದಾಯದವರ ಹೆಸರು ವಿಳಾಸದ ರಿಜಿಸ್ಟರ್ ಇಡೋ ಅಧಿಕಾರ ಪೊಲೀಸರಿಗೆ ಕೊಟ್ಟಿದ್ರು. ಹೈಕೋರ್ಟ್‌ನಲ್ಲಿ ಪ್ರಶ್ನೆ ಮಾಡಿದ ಮೇಲೆ ಆ ಪದವನ್ನ ತೆಗೆದು ತಿದ್ದುಪಡಿ ಮಾಡಿದ್ರು. ಇಂಥ ಹಿನ್ನೆಲೆ ಇರೋ ಕಡೆ, "ನಮ್ಮ ಮೇಲೆ ನಂಬಿಕೆ ಇಡಿ" ಅನ್ನೋ ಬಾಯಿಮಾತು ಸಾಕಾಗಲ್ಲ.

ಎರಡನೆಯ ಕಾರಣ ಹೊಸ ಬಾಗಿಲು. 2021ರಲ್ಲಿ ಕರ್ನಾಟಕ ಸರ್ಕಾರಿ ನೇಮಕಾತಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ. 1ರಷ್ಟು ಸಮತಲ ಮೀಸಲಾತಿ ಕೊಟ್ಟಿತು. ಸಮತಲ ಅಂದ್ರೆ ಸಾಮಾನ್ಯ, ಎಸ್‌ಸಿ, ಎಸ್‌ಟಿ, ಒಬಿಸಿ, ಪ್ರತಿ ವರ್ಗದ ಒಳಗೂ ಶೇ. 1. ದೇಶದಲ್ಲಿ ಹೀಗೆ ಮಾಡಿದ ಮೊದಲ ರಾಜ್ಯ ನಮ್ಮದು. ಆಮೇಲೆ ಪೊಲೀಸ್ ನೇಮಕಾತಿ ಅಧಿಸೂಚನೆಗಳಲ್ಲೂ ಇವರಿಗೆ ಹುದ್ದೆ ಮೀಸಲಿಟ್ಟರು. ತಮಿಳುನಾಡಿನಲ್ಲಿ ಪೃಥಿಕಾ ಯಾಶಿನಿ 2015ರ ಮದ್ರಾಸ್ ಹೈಕೋರ್ಟ್ ಆದೇಶದ ನಂತರ ಸಬ್ ಇನ್‌ಸ್ಪೆಕ್ಟರ್ ಆದ್ರು. ಛತ್ತೀಸ್‌ಗಢ 2021ರಲ್ಲಿ 13 ಟ್ರಾನ್ಸ್‌ಜೆಂಡರ್ ವ್ಯಕ್ತಿಗಳನ್ನ ಕಾನ್‌ಸ್ಟೆಬಲ್ ಮಾಡಿತು.

ಅಂದ್ರೆ ಬ್ರಿಟನ್‌ನ ಎರಡನೇ ಪ್ರಶ್ನೆ ನಮ್ಮ ಬಾಗಿಲಿಗೂ ಬಂದಾಗಿದೆ. ಸ್ಟೇಷನ್‌ಗೆ ಒಬ್ಬ ಟ್ರಾನ್ಸ್ ಮಹಿಳಾ ಪಿಎಸ್‌ಐ ಬಂದ್ರೆ, ಬಂಧಿತ ಮಹಿಳೆಯನ್ನ ಅವರು ತಪಾಸಣೆ ಮಾಡಬಹುದಾ? ಸೆಕ್ಷನ್‌ನಲ್ಲಿ ಇರೋದು 'ಇನ್ನೊಬ್ಬ ಹೆಣ್ಣು' ಅಂತ ಮಾತ್ರ. ಬ್ರಿಟನ್ ಮೊದಲು ಒಂದು ಮಾರ್ಗಸೂಚಿ ಬರೆದು, ವಾಪಸ್ ತಗೊಂಡು, ಇನ್ನೊಂದು ಬರೆದು, ಒಂದೇ ದಿನದಲ್ಲಿ ಅದನ್ನೂ ಬದಲಿಸಿತು. ಆ ಗೊಂದಲದ ಬಿಸಿ ತಟ್ಟಿದ್ದು ಕೋಣೆಯೊಳಗೆ ಇದ್ದ ಇಬ್ಬರಿಗೆ. ನಾವು ಜಗಳ ಶುರುವಾಗೋ ಮುಂಚೆಯೇ ಬರೆದಿಟ್ಟುಕೊಳ್ಳಬಹುದು.

ನನಗೆ ಅನ್ಸೋದು

ಈ ನಿಯಮ ಯಾರಿಗೋಸ್ಕರ ಇದೆ? ತಪಾಸಣೆಗೆ ಒಳಗಾಗುವವರಿಗೋಸ್ಕರ. ಅಧಿಕಾರಿಯ ಗುರುತಿಗೆ ಸರ್ಟಿಫಿಕೇಟ್ ಕೊಡೋಕೆ ಅಲ್ಲ. ಆ ಕೋಣೆಯಲ್ಲಿ ಅಧಿಕಾರ ಇರೋದು ಯೂನಿಫಾರ್ಮ್ ಹಾಕಿರೋರಿಗೆ, ಮಾತು ಕೇಳಬೇಕಾದದ್ದು ಇಲ್ಲದವರದ್ದು. ಇದನ್ನ ಒಪ್ಪಿಕೊಂಡ್ರೆ ಎರಡೂ ಪ್ರಶ್ನೆಗೆ ಒಂದೇ ದಾರಿ ಕಾಣುತ್ತೆ. ಬಂಧಿತ ಮಹಿಳೆ "ಇವರು ಬೇಡ" ಅಂದ್ರೆ, ಕಾರಣ ಕೇಳದೆ, ಕೇಸು ಹಾಕದೆ, ಬೇರೆಯವರನ್ನ ಕರೀಬೇಕು. ಬಂಧಿತ ಟ್ರಾನ್ಸ್ ಮಹಿಳೆ "ಗಂಡಸರು ಬೇಡ" ಅಂದ್ರೆ, ಅಷ್ಟೇ ಸಲೀಸಾಗಿ ಆ ಮಾತಿಗೂ ಬೆಲೆ ಬರಬೇಕು. ಡ್ಯೂಟಿಯಲ್ಲಿ ಇರೋ ಮಹಿಳಾ ಸಿಬ್ಬಂದಿ ಒಪ್ಪದೇ ಇದ್ರೆ, ಗೃಹ ಸಚಿವಾಲಯದ ಪತ್ರದಲ್ಲಿ ಇರೋ ಹಾಗೆ ತರಬೇತಿ ಆದ ವೈದ್ಯಕೀಯ ಸಿಬ್ಬಂದಿ ಇದ್ದಾರೆ.

ಇದರಲ್ಲಿ ಕಷ್ಟ ಇಲ್ಲ ಅಂತಲ್ಲ. ಒಂದು ಸಣ್ಣ ತಾಲ್ಲೂಕು ಸ್ಟೇಷನ್‌ನಲ್ಲಿ ರಾತ್ರಿ ಒಬ್ಬರೇ ಮಹಿಳಾ ಕಾನ್‌ಸ್ಟೆಬಲ್ ಸಿಕ್ಕರೆ ಹೆಚ್ಚು. ಅದಕ್ಕೇ ಮೊದಲ ಪ್ರಶ್ನೆ "ಯಾರು ಮಾಡಬೇಕು" ಅನ್ನೋದಲ್ಲ, "ಬಟ್ಟೆ ಬಿಚ್ಚಿಸೋದು ನಿಜಕ್ಕೂ ಬೇಕಾ" ಅನ್ನೋದು. ಚೈಲ್ಡ್ ಕ್ಯೂ ಪ್ರಕರಣದಲ್ಲಿ ಆ ಪ್ರಶ್ನೆ ಕೇಳಿದ್ರೆ ಸಾಕಿತ್ತು.

ಈಗ ನನ್ನ ಬಿಕಾಂ ಪಾಠಕ್ಕೆ ಬರ್ತೀನಿ. ಅದೇ 49ನೇ ಸೆಕ್ಷನ್ ಓದುವಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಬಂಧಿತರಿಂದ ವಸ್ತು ಏನಾದ್ರೂ ತಗೊಂಡ್ರೆ ಅದಕ್ಕೆ ರಸೀದಿ ಕೊಡಬೇಕು. ವಾಚ್, ಉಂಗುರ, ಪರ್ಸ್, ಎಲ್ಲಕ್ಕೂ ಲೆಕ್ಕ. ಆದ್ರೆ ಯಾರು ತಪಾಸಣೆ ಮಾಡಿದ್ರು, ಯಾರಾಗಬೇಕು ಅಂತ ಕೇಳಿದ್ರಾ, ಆ ವ್ಯಕ್ತಿ ಏನಂದ್ರು ಅನ್ನೋದನ್ನ ಬರೆದಿಡಬೇಕು ಅಂತ ಆ ಸೆಕ್ಷನ್‌ನಲ್ಲಿ ಇಲ್ಲ. ಉಂಗುರಕ್ಕೆ ರಸೀದಿ ಇದೆ, ಮೈ ಮುಟ್ಟಿದ್ದಕ್ಕೆ ಇಲ್ಲ. ಒಂದು ಫಾರ್ಮ್‌ನಲ್ಲಿ ನಾಲ್ಕು ಸಾಲು ಸೇರಿಸಿ, ಸಹಿ ಹಾಕಿಸಿಕೊಳ್ಳೋಕೆ ದೊಡ್ಡ ಖರ್ಚೇನೂ ಆಗಲ್ಲ. ನಾಳೆ ಜಗಳ ಬಂದ್ರೆ ಅದು ಬಂಧಿತರನ್ನೂ ಕಾಪಾಡುತ್ತೆ, ಪ್ರಾಮಾಣಿಕ ಪೊಲೀಸರನ್ನೂ ಕಾಪಾಡುತ್ತೆ.

ನೀವು ನೆನಪಿಟ್ಟುಕೊಳ್ಳಬೇಕಾದ್ದು

ಮಹಿಳೆಯನ್ನ ಮಹಿಳೆಯೇ ತಪಾಸಣೆ ಮಾಡಬೇಕು, ಇದು ದಯೆ ಅಲ್ಲ, ಕಾನೂನು. ಬಂಧಿಸಿದಾಗ ನಿಮ್ಮಿಂದ ತಗೊಂಡ ವಸ್ತುಗಳಿಗೆ ರಸೀದಿ ಕೇಳಿ. ಎನ್‌ಡಿಪಿಎಸ್ ಪ್ರಕರಣದಲ್ಲಿ ಮೈ ತಪಾಸಣೆ ಮಾಡೋ ಮುಂಚೆ, ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟ್ ಮುಂದೆ ಕರ್ಕೊಂಡು ಹೋಗಿ ಅಂತ ಕೇಳೋ ಹಕ್ಕು ನಿಮಗಿದೆ. ಟ್ರಾನ್ಸ್‌ಜೆಂಡರ್ ಸ್ನೇಹಿತರಿದ್ರೆ, ಗೃಹ ಸಚಿವಾಲಯದ 2022ರ ಪತ್ರದ ಬಗ್ಗೆ ಅವರಿಗೆ ತಿಳಿಸಿ. ಅದು ಜೈಲಿಗೆ ಬರೆದದ್ದಾದ್ರೂ, "ಸರ್ಕಾರವೇ ಹೀಗೆ ಹೇಳಿದೆ" ಅಂತ ತೋರಿಸೋಕೆ ಒಂದು ಕಾಗದ ಆದರೂ ಇರುತ್ತೆ.

ಆ ಮಾಲ್‌ನ ಸೆಕ್ಯುರಿಟಿ ಹುಡುಗಿಯ ಬಗ್ಗೆ ನನಗೆ ಸಿಟ್ಟಿಲ್ಲ. ಅವಳು ಬಾಯಿ ತುಂಬ 'ಅಕ್ಕಾ' ಅಂದಿದ್ದಳು. ಆಮೇಲೆ ಏನು ಮಾಡಬೇಕು ಅಂತ ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ ಅಷ್ಟೇ. ಸ್ಟೇಷನ್‌ನಲ್ಲಿ ಕೂತಿರೋ ಕಾನ್‌ಸ್ಟೆಬಲ್‌ಗೂ ಇವತ್ತು ಅದೇ ಪರಿಸ್ಥಿತಿ. ಹೇಳಿಕೊಡೋದು, ಬರೆದಿಡೋದು ಮೇಲಿರೋರ ಕೆಲಸ.

ನಿಮಗೆ ಏನನ್ಸುತ್ತೆ ಅಂತ ವಾಯ್ಸ್ ನೋಟ್ ಕಳಿಸಿ. ನನ್ನ ಮಾತು ಒಪ್ಪದೇ ಇರೋರು ಮೊದಲು ಕಳಿಸಿ. ಮುಂದಿನ ವಾರ ಸಿಗೋಣ, ನಮಸ್ಕಾರ.